ಕೈ ಮಾತ್ರ

ಅತ್ತೆ ಕೆಮ್ಮಿದರೆ ಬೀದಿಯ ಆ ತುದಿಗೂ ಕೇಳಿಸುತ್ತಿತ್ತು. ಹತ್ತಿಯ ಕೆಮ್ಮು ಅದು. ಹಿಂಜುವಾಗ ಏಳುವ ದೂಳು ಮೂಗಿನಿಂದ ಒಳಗೆ ಹೋಗಿ ಎದೆಯಲ್ಲಿ ಕೂರುತ್ತದೆ. ಕೂತದ್ದು ಮತ್ತೆ ಏಳುವುದಿಲ್ಲ. ಮಾವ ಅದರಲ್ಲೇ ಹೋದರು. ಮೈದುನನೂ ಅದರಲ್ಲೇ ಹೋದ. ಅತ್ತೆಯದು ಗಟ್ಟಿ ಜೀವ. ಕೆಮ್ಮುತ್ತ ಹೊಲಿಯುತ್ತಿದ್ದರು, ಹೊಲಿಯುತ್ತ ಬೈಯುತ್ತಿದ್ದರು.

ನಮ್ಮದು ಹಾಸಿಗೆ ಮಾಡುವವರ ಬೀದಿ. ಊರಿನವರ ಬಾಯಲ್ಲಿ ಮಾತ್ರ ಹೆಣದ ಹಾಸಿಗೆಯ ಬೀದಿ. ಹಿಂದೆ ಊರಲ್ಲಿ ಯಾರಾದರೂ ಸತ್ತರೆ ಅವರು ಮಲಗಿದ್ದ ಹಾಸಿಗೆಯನ್ನು ಹಿತ್ತಲ ಬಾಗಿಲಿನಿಂದ ಆಚೆ ಎಸೆಯುತ್ತಿದ್ದರು. ಅದನ್ನು ಹೊತ್ತು ತರುವುದು ನಮ್ಮವರ ಪಾಲಿನ ಕೆಲಸ. ತಂದು, ಬಿಚ್ಚಿ, ಕುದಿಸಿ, ಒಣಗಿಸಿ, ಹಿಂಜಿ, ಬೇರೆ ಗವಸಿಗೆ ತುಂಬಿ ಬಡವರಿಗೆ ಮಾರುವುದು. ಮಾವನ ಕಾಲಕ್ಕೇ ಆ ಕೆಲಸ ನಿಂತುಹೋಯಿತು. ನಾನು ಸೊಸೆಯಾಗಿ ಬಂದ ಮೇಲೆ ಹಳೇ ಹತ್ತಿಯ ಒಂದು ಎಳೆಯನ್ನೂ ಕಂಡಿಲ್ಲ. ಹೊಸ ಹತ್ತಿ, ಹೊಸ ಬಟ್ಟೆ, ಹೊಸ ದಾರ. ನಾವು ಕೆಲಸ ಬಿಟ್ಟೆವು, ಹೆಸರು ನಮ್ಮನ್ನು ಬಿಡಲಿಲ್ಲ. ಹಾಸಿಗೆ ಹೊತ್ತು ಹೋದರೆ ಹೊಸಿಲಾಚೆಯೇ ಇಳಿಸಬೇಕು. ನೀರು ಕೇಳಿದರೆ ಬೀದಿಯ ನಲ್ಲಿ ತೋರಿಸುತ್ತಾರೆ. ಬಸುರಿ ಇರುವ ಮನೆಯಾದರೆ ಗೇಟನ್ನೂ ಮುಟ್ಟಗೊಡುವುದಿಲ್ಲ.

ಅತ್ತೆಗೆ ಚೆನ್ನಾಗಿ ಬರುತ್ತಿದ್ದದ್ದು ಎಳೆ ಮಕ್ಕಳ ಹಾಸಿಗೆ. ತಲೆ ಇಡುವ ಕಡೆ ಅರಳೆಯನ್ನು ತೆಳ್ಳಗೆ ಮಾಡಿ, ಬೆನ್ನಿನ ಕಡೆ ಒತ್ತಾಗಿ ತುಂಬಿ, ಒಂದು ಗಂಟೂ ಕೈಗೆ ಸಿಗದ ಹಾಗೆ ಹೊಲಿಯುತ್ತಿದ್ದರು. ಅದನ್ನು ನನಗೂ ನನ್ನ ಓರಗಿತ್ತಿಗೂ ಬೈದು ಬೈದು ಕಲಿಸಿದ್ದರು. ಆದರೆ ಊರಿನ ಒಂದು ಮಗುವೂ ಅತ್ತೆಯ ಹಾಸಿಗೆಯ ಮೇಲೆ ಮಲಗಲಿಲ್ಲ. ನಮ್ಮ ಬೀದಿಯ ಮಕ್ಕಳೇ ಅದರ ಮೇಲೆ ಉಚ್ಚೆ ಹೊಯ್ದವು.

ಇಂಥ ಬೀದಿಗೆ ಲಾಗಿನ್ ಸಾರ್ ಬಂದರು.

ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರಿತ್ತು. ಮಾತೆತ್ತಿದರೆ "ಮೊದಲು ಲಾಗಿನ್ ಆಗಿ" ಅನ್ನುತ್ತಿದ್ದರಿಂದ ಬೀದಿಯೇ ಅವರಿಗೆ ಆ ಹೆಸರಿಟ್ಟಿತು. ಸಣ್ಣ ಕಸುಬಿನವರಿಗೆ ಕಂಪ್ಯೂಟರು, ಫೋನು ಕಲಿಸಿ ದೊಡ್ಡ ಕಂಪನಿಗಳ ಜೊತೆ ಪೈಪೋಟಿಗೆ ನಿಲ್ಲಿಸುವ ಯೋಜನೆಯಂತೆ. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ನಮ್ಮ ಮನೆಯೊಳಗೆ ಬಂದು ನೆಲದ ಮೇಲೆ ಕೂತ ಮೊದಲ ಹೊರಗಿನವರು ಅವರು. ಚಹಾ ಕೊಟ್ಟರೆ ಕುಡಿದರು.

"ಲಾಗಿನ್ ಅಂದ್ರೆ ಏನಪ್ಪಾ ಅದು?" ಎಂದು ಅತ್ತೆ ಕೇಳಿದರು.

"ಅಂಗಡಿ ಬಾಗಿಲು ತೆಗೆಯೋದು ಅಂದ್ಕೊಳ್ಳಿ ಅಜ್ಜಿ."

"ಬಾಗಿಲು ತೆಗೆಯೋಕೆ ನಮಗೂ ಬರುತ್ತೆ. ಒಳಗೆ ಬರೋರು ಎಲ್ಲಿದಾರೆ?"

"ಇಲ್ಲಿ ಬರ್ತಾರೆ ನೋಡ್ತಿರಿ. ಯಾವ ಊರಿಂದ ಬೇಕಾದ್ರೂ ಬರ್ತಾರೆ."

ನನ್ನ ಗಂಡ ಹಿಂಜುವ ಕೆಲಸಕ್ಕೆ ನಿಂತರೆ ಕಣ್ಣುರೆಪ್ಪೆಯವರೆಗೂ ಬೆಳ್ಳಗಾಗಿರುತ್ತಿದ್ದರು. ಹಾಗಾಗಿ ಕಲಿಯುವುದು ನನ್ನ ಪಾಲಿಗೆ ಬಂತು. ಫೋಟೋ ತೆಗೆಯುವುದು, ಅಳತೆ ಹಾಕುವುದು, ಗಿರಾಕಿ ಕೇಳಿದ್ದಕ್ಕೆ ಉತ್ತರ ಬರೆಯುವುದು. ಕಲಿಕೆ ಕಷ್ಟವಾಗಲಿಲ್ಲ. ಬೆರಳು ಕಷ್ಟ ಕೊಟ್ಟಿತು. ದಬ್ಬಣ ತಳ್ಳಿ ತಳ್ಳಿ ನನ್ನ ಬೆರಳ ತುದಿ ಕಲ್ಲಾಗಿತ್ತು. ಎಷ್ಟು ಒತ್ತಿದರೂ ಫೋನು ಅದನ್ನು ಬೆರಳೆಂದು ಒಪ್ಪಲಿಲ್ಲ. ಕಡೆಗೆ ಕೆಲಸಕ್ಕೆ ಬಾರದ ಕಿರುಬೆರಳಿನಲ್ಲಿ ಒತ್ತುವುದನ್ನು ಕಲಿತೆ.

ಮೊದಲು ಬಂದ ಆರ್ಡರೇ ಮಗುವಿನ ಹಾಸಿಗೆ. ನಾವು ಕೇಳಿಯೂ ಇಲ್ಲದ ಊರಿನದು. ಅತ್ತೆ ನಂಬಲಿಲ್ಲ.

"ನಾವ್ಯಾರು ಅಂತ ಹೇಳಿದೀಯೇನೇ?"

"ಅದು ಕೇಳಲೇ ಇಲ್ಲ ಅತ್ತೆ."

ಅತ್ತೆ ಫೋನನ್ನೇ ನೋಡಿದರು. "ಒಳ್ಳೇದಾಯ್ತು. ಇದಕ್ಕೆ ಮೂಗಿಲ್ಲ" ಅಂದರು.

ಆ ಹಾಸಿಗೆಯನ್ನು ಅತ್ತೆ ನಮ್ಮ ಕೈಗೆ ಕೊಡಲಿಲ್ಲ. ತಾವೇ ಹೊಲಿದರು. ಕೆಮ್ಮು ಬಂದಾಗ ಮುಖವನ್ನು ಆಚೆ ತಿರುಗಿಸಿ ಕೆಮ್ಮಿ, ಕೈ ತೊಳೆದು ಬಂದು ಮತ್ತೆ ಹೊಲಿದರು. ಸಾಮಾನು ಒಯ್ಯುವ ಗಾಡಿ ನಮ್ಮ ಬೀದಿಯೊಳಗೆ ಬರುತ್ತಿರಲಿಲ್ಲ. ದೊಡ್ಡ ರಸ್ತೆಯವರೆಗೆ ನಾನು ತಲೆಯ ಮೇಲೆ ಹೊತ್ತು ಒಯ್ದೆ. ಅದೇನು ದೊಡ್ಡ ಭಾರವಲ್ಲ. ಹತ್ತಿ.

ಸ್ವಲ್ಪ ದಿನಕ್ಕೆ ಆ ಮಗುವಿನ ತಾಯಿ ನಮ್ಮ ಅಂಗಡಿಯ ಪುಟದಲ್ಲಿ ನಾಲ್ಕು ಮಾತು ಬರೆದಳು. "ಮಗು ಮೊದಲ ಸಲ ಅಳದೆ ಮಲಗಿದೆ. ಇದನ್ನು ಹೊಲಿದ ಕೈಗೆ ನನ್ನದೊಂದು ಮುತ್ತು."

"ಇನ್ನೊಂದ್ಸಲ ಓದು" ಅಂದರು ಅತ್ತೆ.

ಓದಿದೆ.

"ಮುತ್ತು ಅಂತ ಇದೆಯಾ? ಸರಿಯಾಗಿ ನೋಡು."

"ಇದೆ ಅತ್ತೆ."

ಅತ್ತೆ ತಮ್ಮ ಬಲಗೈಯನ್ನು ತಿರುವಿ ಮುರುವಿ ನೋಡಿಕೊಂಡರು. ಬೇರೆಯವರ ಕೈ ನೋಡುವ ಹಾಗೆ. ಮದುವೆಯಾಗಿ ಬಂದ ದಿನದಿಂದ ಹಾಸಿಗೆ ಹೊಲಿದ ಕೈ ಅದು. ಅದಕ್ಕೆ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ.

ಆರ್ಡರು ಹೆಚ್ಚಿತು. ಪಕ್ಕದ ಕೋಣೆಯಲ್ಲಿದ್ದ ಓರಗಿತ್ತಿ, ಮೈದುನ ಹೋದ ಮೇಲೆ ಮನೆಗೆಲಸಕ್ಕೆ ಹೋಗುತ್ತಿದ್ದವಳು, ಅದನ್ನು ಬಿಟ್ಟು ನಮ್ಮ ಜೊತೆ ಕೂತಳು. ಮಗಳನ್ನು ಒಳ್ಳೆಯ ಶಾಲೆಗೆ ಸೇರಿಸಿದಳು. ಕಿವಿಯ ಹಿಂದೆ, ಕತ್ತಿನ ಸಂದಿಯಲ್ಲಿ, ಅನ್ನದ ತಟ್ಟೆಯಲ್ಲಿ, ಎಲ್ಲೆಲ್ಲೂ ಹತ್ತಿ. ಬೆನ್ನು ಮುರಿಯುತ್ತಿತ್ತು. ಆದರೂ ನಗುತ್ತಿದ್ದೆವು.

ಹೀಗಿರುವಾಗ ಫೋಮ್ ಹಾಸಿಗೆ ಮಾಡುವ ದೊಡ್ಡ ಕಾರ್ಖಾನೆ ಫೋನಿನೊಳಗೆ ನಾವಿದ್ದ ಜಾಗದಲ್ಲೇ ಅಂಗಡಿ ತೆರೆಯಿತು. ಯಾರು ಏನು ಹುಡುಕಿದರೂ ಮೊದಲು ಅವರದ್ದೇ ಕಾಣಿಸತೊಡಗಿತು. ನಾವು ಕೆಳಗೆ ಕೆಳಗೆ ಹೋದೆವು. ಲಾಗಿನ್ ಸಾರ್ ಒಂದು ಉಪಾಯ ಹೇಳಿದರು.

"ಈಗಿನ ಗಿರಾಕಿಗೆ ಹಾಸಿಗೆ ಸಾಲಲ್ಲ ಅಕ್ಕಾ. ಹಾಸಿಗೆಯ ಕಥೆ ಬೇಕು. ಕಾರ್ಖಾನೆಗೆ ಮುಖ ಇಲ್ಲ, ನಿಮಗಿದೆ. ಅದನ್ನ ತೋರಿಸಿ."

ಬಾಗಿಲ ಮುಂದೆ ಅತ್ತೆ, ನಾನು, ಓರಗಿತ್ತಿ ನಿಂತೆವು. ತಲೆಯಲ್ಲಿ ಹತ್ತಿ ಹಾಗೇ ಇರಲಿ, ಚೆನ್ನಾಗಿ ಕಾಣುತ್ತೆ ಅಂದರು ಸಾರ್. ನಕ್ಕೆವು. ಫೋಟೋ ಹಾಕಿದರು. ಬೀದಿಯ ಹೆಸರೂ ಹಾಕಿದರು.

ಯಾರೋ ಗುರುತು ಹಿಡಿದರು. ನಮ್ಮ ಫೋಟೋದ ಕೆಳಗೆ ಬರೆದರು: "ಇದು ಹೆಣದ ಹಾಸಿಗೆಯವರ ಬೀದಿ. ಮನೆಯಲ್ಲಿ ಮಗು ಇರೋರು ಹುಷಾರು." ಅದರ ಕೆಳಗೆ ಇನ್ನೊಬ್ಬರು. ಮತ್ತೊಬ್ಬರು. ಫೋನಿಗೆ ಮೂಗು ಬಂದುಬಿಟ್ಟಿತ್ತು.

ಹಾಸಿಗೆಗಳು ವಾಪಸು ಬಂದವು. ದೊಡ್ಡ ರಸ್ತೆಯಲ್ಲಿ ಗಾಡಿಯವನು ಇಳಿಸಿ ಹೋದ. ಹೊತ್ತು ತಂದೆವು. ಮುತ್ತು ಕೊಟ್ಟವಳೂ ವಾಪಸು ಕಳಿಸಿದ್ದಳು. ಬರೆದ ಮಾತನ್ನೂ ಅಳಿಸಿದ್ದಳು. ಅತ್ತೆ ಆ ಹಾಸಿಗೆಯನ್ನು ಮೂಗಿನ ಹತ್ತಿರ ಹಿಡಿದು, "ಹಾಲಿನ ವಾಸನೆ ಇನ್ನೂ ಇದೆ. ಪಾಪ, ಮಗು ಈಗ ಎಲ್ಲಿ ಮಲಗಿದೆಯೋ" ಅಂದರು. ನನಗೆ ನಾಳೆಯ ಅನ್ನದ ಚಿಂತೆ. ಇವರಿಗೆ ಮಗುವಿನ ಚಿಂತೆ!

ಆ ಫೋಟೋವನ್ನು ಪುಟದಿಂದ ತೆಗೆಸಿದೆವು. ಆರ್ಡರು ತಿರುಗಿ ಬರಲಿಲ್ಲ. ಆಗ ಲಾಗಿನ್ ಸಾರ್ ಆ ಅಂಗಡಿಪುಟಗಳನ್ನು ನಡೆಸುವ ಕಂಪನಿಯಿಂದ ಒಬ್ಬ ಮೇಡಂ ಅವರನ್ನು ಕರೆತಂದರು. ಮೇಡಂ ನೇರ ಮಾತಿನವರು.

"ನಿಮ್ಮ ಹಾಸಿಗೆ ಚೆನ್ನಾಗಿದೆ. ನಿಮ್ಮ ಕಥೆ ಚೆನ್ನಾಗಿದೆ. ಮುಖದ್ದೇ ತೊಂದರೆ. ಅಂಗಡಿಗೆ ಬೇರೆ ಹೆಸರು ಇಡೋಣ. ಒಂದು ಸಣ್ಣ ಫಿಲಂ ಮಾಡೋಣ. ಅದರಲ್ಲಿ ಹಾಸಿಗೆ ಮಾಡೋಳಾಗಿ ಒಬ್ಬ ನಟಿ ಇರ್ತಾಳೆ. ಹಣ ನಿಮಗೇ ಬರುತ್ತೆ."

ನಾನು ಗಂಡನ ಮುಖ ನೋಡಿದೆ. ಅವರು ನೆಲ ನೋಡಿದರು. "ಹೊಟ್ಟೆಗೆ ಮುಖ ಇಲ್ಲ ಕಣೇ. ಒಪ್ಕೋ" ಅಂದರು. ಒಪ್ಪಿಕೊಂಡೆ. ಆ ಮೇಡಂ ಅದೂ ಇದೂ ಕೇಳಿದಾಗ ಎಲ್ಲ ಹೇಳಿದೆ. ಅತ್ತೆ ಹೇಗೆ ಕಲಿಸಿದರು, ತಪ್ಪಿದಾಗ ಹೇಗೆ ಬೆರಳಿನ ಗೆಣ್ಣಿಗೆ ಹೊಡೆದರು, ಎಲ್ಲ. ಅವರು ಬರೆದುಕೊಂಡರು.

ಶೂಟಿಂಗಿನ ದಿನ ಬೆಳಿಗ್ಗೆಯೇ ಬಂದರು. ನಮ್ಮದು ಒಂದೇ ಕೋಣೆ. ಅಲ್ಲೇ ಹಿಂಜುವುದು, ಅಲ್ಲೇ ಹೊಲಿಯುವುದು, ಅಲ್ಲೇ ಉಣ್ಣುವುದು, ಮಲಗುವುದು. ಪಾತ್ರೆಗಳನ್ನು ಹೊರಗಿಟ್ಟರು. ಬಟ್ಟೆಗಳನ್ನು ಹೊರಗಿಟ್ಟರು. ಗೋಡೆಗೆ ಸುಗಂಧ ಹೊಡೆದರು. ಬಿಳಿ ಪರದೆ ತಂದರು, ಕುಂಡದಲ್ಲಿ ಹಸಿರು ಗಿಡ ತಂದರು. ನಮ್ಮ ಮನೆಗೆ ನಮ್ಮನ್ನು ಬಿಟ್ಟು ಎಲ್ಲವನ್ನೂ ತಂದರು.

ಅತ್ತೆ ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಕೆಮ್ಮಿದರು. ಕಿವಿಗೆ ಯಂತ್ರ ಹಾಕಿಕೊಂಡು ಸದ್ದು ಹಿಡಿಯುತ್ತಿದ್ದವನು ಬೆಚ್ಚಿಬಿದ್ದ.

"ಅಜ್ಜೀನ ಸ್ವಲ್ಪ ಹೊರಗೆ ಕೂರಿಸ್ತೀರಾ?"

ನನ್ನ ಗಂಡ ಕೈಹಿಡಿದು ಕರೆದುಕೊಂಡು ಹೋಗಿ ಎದುರು ಮನೆಯ ಮೆಟ್ಟಿಲಿನ ಮೇಲೆ ಕೂರಿಸಿದರು. ಅಲ್ಲಿ ನೆರಳಿರಲಿಲ್ಲ.

ನಟಿ ಚಿಕ್ಕ ಹುಡುಗಿ. ಕೆಟ್ಟವಳಲ್ಲ. "ದಬ್ಬಣ ಹೇಗೆ ಹಿಡೀಬೇಕು ಅಕ್ಕಾ?" ಎಂದು ಕೇಳಿದಳು. ತೋರಿಸಿದೆ. ಹಿಡಿದಳು, ಚುಚ್ಚಿಕೊಂಡಳು. ಒಂದು ಹನಿ ರಕ್ತ. ಎಲ್ಲರೂ ಹೌಹಾರಿದರು. ಒಬ್ಬ ಔಷಧಿ ಡಬ್ಬಿ ತಂದ, ಇನ್ನೊಬ್ಬ ಅದರೊಳಗೆ ಕೈಹಾಕಿ ಹತ್ತಿ ಹುಡುಕಿದ. ಸೊಂಟದೆತ್ತರ ಅರಳೆಯ ರಾಶಿಯ ಪಕ್ಕದಲ್ಲಿ ನಿಂತು ಹತ್ತಿ ಹುಡುಕಿದ.

ಮತ್ತೆ ಹಿಡಿದಳು. ಹೊಲಿಗೆ ಬರಲಿಲ್ಲ. ಮೇಡಂ ನನ್ನ ಕೈ ನೋಡಿದರು.

"ಹೀಗೆ ಮಾಡೋಣ. ಮುಖ ಅವಳದು, ಕೈ ಇವರದು."

ನನ್ನ ಕೈಗೆ ಕ್ರೀಮು ಹಚ್ಚಿದರು. ಉಗುರು ಉಜ್ಜಿದರು. ಬಣ್ಣ ಹೊಂದಲಿ ಎಂದು ಮೊಣಕೈಯವರೆಗೆ ಪೌಡರು ಬಳಿದರು. ನಟಿಯ ಉಂಗುರ ಬಿಚ್ಚಿ ನನ್ನ ಬೆರಳಿಗೆ ತುರುಕಿದರು. ಬೆರಳಿನ ಗೆಣ್ಣು ದಪ್ಪವಾಗಿತ್ತು, ಸೋಪು ಹಚ್ಚಿ ತುರುಕಿದರು.

"ಕೈ ಮಾತ್ರ ಅಮ್ಮಾ. ಮುಖ ಆ ಕಡೆ ತಿರುಗಿಸ್ಕೊಳ್ಳಿ. ತಲೆ ನೆರಳು ಬೀಳ್ತಿದೆ."

ತಿರುಗಿಸಿಕೊಂಡೆ. ನೋಡದೆ ಹೊಲಿಯುವುದು ನನಗೆ ಹೊಸದಲ್ಲ. ಹೊಲಿಯತೊಡಗಿದೆ. ಹೊರಗೆ ಅತ್ತೆ ಕೆಮ್ಮಿದರು. ಶೂಟಿಂಗಿನವರು ನಿಲ್ಲಿಸಿದರು. ಮತ್ತೆ ಶುರು. ಮತ್ತೆ ಕೆಮ್ಮು. ಮತ್ತೆ ನಿಲ್ಲಿಸಿದರು.

"ಅಯ್ಯೋ, ಯಾರಾದ್ರೂ ಆ ಅಜ್ಜೀನ ಸುಮ್ಮನಿರಿಸ್ರಪ್ಪಾ" ಎಂದು ಮೇಡಂ ಕೂಗಿದರು.

ನನ್ನ ಗಂಡ ಹೊರಗೆ ಹೋದರು. ನನ್ನ ಮುಖ ತಿರುಗಿದ್ದು ಕಿಟಕಿಯ ಕಡೆಗೆ. ಹಾಗಾಗಿ ಕಂಡಿತು. ಅವರು ಹೆಗಲ ಮೇಲಿನ ಬಟ್ಟೆಯನ್ನು ಮಡಿಸಿದರು. ಹೆತ್ತ ತಾಯಿಯ ಬಾಯಿಗೆ ಇಟ್ಟರು. ಒತ್ತಿ ಹಿಡಿದರು. ಅತ್ತೆ ಬಿಡಿಸಿಕೊಳ್ಳಲಿಲ್ಲ. ಮಗನ ಮಣಿಕಟ್ಟು ಹಿಡಿದುಕೊಂಡರು, ಅಷ್ಟೇ. ಕೆಮ್ಮು ಒಳಗೇ ಉರುಳಿತು. ಮುದಿ ಹೆಗಲು ಕುಲುಕಿತು, ಮತ್ತೆ ಕುಲುಕಿತು. ಕಣ್ಣು ಕೆಂಪಾಗಿ ನೀರು ಸುರಿಯಿತು. ನನ್ನ ಗಂಡ ಬೇರೆಲ್ಲೋ ನೋಡುತ್ತಿದ್ದರು.

"ಹಾಂ, ಈಗ ಸದ್ದಿಲ್ಲ. ಹೊಲೀರಿ" ಅಂದರು ಮೇಡಂ.

ಕೈ ನಿಂತುಹೋಯಿತು. ನಿಲ್ಲಿಸಬೇಕೆಂದು ನಾನು ಅಂದುಕೊಳ್ಳಲಿಲ್ಲ. ಅದೇ ನಿಂತಿತು. ದಬ್ಬಣ ಕೆಳಗಿಟ್ಟೆ. ಉಂಗುರ ಎಳೆದೆ, ಬರಲಿಲ್ಲ. ಚರ್ಮ ಕಿತ್ತು ಬರುವಂತೆ ಎಳೆದೆ. ಬಂತು.

"ಏನಾಯ್ತಮ್ಮಾ?"

"ಆಗಲ್ಲ."

"ಇನ್ನೊಂದೇ ಸಲ."

"ಕೈ ಬೇಕು ಅಂದ್ರೆ ಮುಖಾನೂ ತಗೊಳ್ಳಿ. ಮುಖ ಬೇಕು ಅಂದ್ರೆ ಆ ಕೆಮ್ಮೂ ತಗೊಳ್ಳಿ. ಬಿಡಿಬಿಡಿಯಾಗಿ ಕಡಿದು ಕೊಡೋಕೆ ನಾನೇನು ಕಸಾಯಿ ಅಂಗಡಿ ಇಟ್ಟಿಲ್ಲ."

ಲಾಗಿನ್ ಸಾರ್ ಮುಂದೆ ಬಂದರು. "ಅಕ್ಕಾ, ದುಡುಕಬೇಡಿ. ಪೈಪೋಟಿ ಅಂದ ಮೇಲೆ ಒಂದಿಷ್ಟು ಹೊಂದಿಕೊಳ್ಳಬೇಕಾಗುತ್ತೆ. ಇದು ನಿಮ್ಮ ಒಳ್ಳೇದಕ್ಕೇ."

"ಸಾರ್, ನಿಮ್ಮಮ್ಮ ಇದಾರಾ?"

"ಇದಾರೆ."

"ಹಾಗಾದ್ರೆ ಹೊರಗೆ ಹೋಗಿ ನೋಡ್ಕೊಂಡು ಬನ್ನಿ. ಆಮೇಲೆ ಹೇಳಿ, ಕೇಳ್ತೀನಿ."

ಅವರು ಹೊರಗೆ ಹೋಗಲಿಲ್ಲ. ಫೋನು ತೆಗೆದು ನೋಡತೊಡಗಿದರು. ನಾನು ಎಲ್ಲರ ನಡುವೆ ನುಗ್ಗಿ ಹೋಗಿ ಅತ್ತೆಯ ಬಾಯಿಂದ ಆ ಬಟ್ಟೆ ಕಿತ್ತು ಎಸೆದೆ. ಅತ್ತೆ ಕೆಮ್ಮಿದರು. ಅಷ್ಟು ಹೊತ್ತು ನುಂಗಿದ್ದನ್ನೆಲ್ಲ ಕೆಮ್ಮಿದರು. ಒಳಗೆ ಅವರು ಪರದೆ ಮಡಿಸಿದರು, ಗಿಡ ಎತ್ತಿಕೊಂಡರು, ಹೊರಟರು.

ನಮ್ಮ ಅಂಗಡಿಯ ಪುಟದ ಮೇಲೆ "ಪರಿಶೀಲನೆಯಲ್ಲಿದೆ" ಎಂದು ಬಂತು. ಅದು ಹಾಗೇ ಉಳಿಯಿತು. ನನ್ನ ಗಂಡ ಅದೇ ಫೋಮ್ ಕಾರ್ಖಾನೆಯಲ್ಲಿ ಲೋಡು ಹೊರುವ ಕೆಲಸಕ್ಕೆ ಹೋದರು. ಓರಗಿತ್ತಿ ಮನೆಗೆಲಸಕ್ಕೆ ಮರಳಿದಳು. ನಾನು ಊರಿನ ಗೇಟುಗಳ ಹೊರಗೆ ನಿಂತು ಮೊದಲಿನ ಹಾಗೆ ಹಾಸಿಗೆ ಬೇಕೇ ಎಂದು ಕೂಗತೊಡಗಿದೆ. ಗಂಡ ನನ್ನ ಮೇಲೆ ಸಿಟ್ಟಾಗಲಿಲ್ಲ. ನನ್ನ ಜೊತೆ ಮಾತಾಡುತ್ತಿದ್ದರು. ತಾಯಿಯ ಮುಖ ನೋಡಲು ಮಾತ್ರ ಅವರಿಂದ ಆಗುತ್ತಿರಲಿಲ್ಲ. ತಟ್ಟೆ ಎತ್ತಿಕೊಂಡು ಬಾಗಿಲಾಚೆ ಹೋಗಿ ಉಣ್ಣುತ್ತಿದ್ದರು.

ಅತ್ತೆಗೆ ಅದು ಅರ್ಥವಾಗಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಕೂಗಿ ಹೇಳಿದರು.

"ಒಳಗೆ ಬಾರೋ. ನನ್ನ ಬಾಯಿಗೆ ತಾನೇ ಬಟ್ಟೆ ಇಟ್ಟಿದ್ದು? ಅದೇ ಬಾಯಿಗೆ ಅನ್ನ ಇಡೋಕಂತಲೇ ನೀನು ಇಟ್ಟಿದ್ದು, ನನಗೆ ಗೊತ್ತಿಲ್ವಾ? ಬಾ, ಉಣ್ಣು."

ಅವರು ಬಂದರು. ತುತ್ತು ಬಾಯಿಗೆ ಹೋಗಲಿಲ್ಲ. ತಾಯಿಯ ಮಡಿಲಲ್ಲಿ ತಲೆ ಇಟ್ಟು ಹೆಂಗಸಿನ ಹಾಗೆ ಅತ್ತರು. ಅತ್ತೆ ಅವರ ಕೂದಲಿನಲ್ಲಿ ಕೈಯಾಡಿಸಿ, "ಫೋಮ್ ವಾಸನೆ ಕಣೋ, ತಲೆ ತೊಳ್ಕೋ" ಅಂದರು.

ಚಳಿ ಮುಗಿಯುವುದರೊಳಗೆ ಅತ್ತೆ ಹೋದರು. ಕಡೆಯ ದಿನಗಳಲ್ಲಿ ಕೆಮ್ಮಲೂ ಶಕ್ತಿ ಇರಲಿಲ್ಲ. ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಕೇಳಿರಲಿಲ್ಲ. ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಮೇಲೆ ಒಂದು ದಿನ ಲಾಗಿನ್ ಸಾರ್ ಫೋನು ಮಾಡಿದರು. ಯೋಜನೆಯ ಸಮಾರಂಭವಂತೆ. ಕಲಿತವರೆಲ್ಲ ಬರಬೇಕಂತೆ. ಹೋಗುವುದು ಬೇಡವೆಂದಿದ್ದೆ. ಓರಗಿತ್ತಿ ಬಿಡಲಿಲ್ಲ. "ಬಾ ಅಕ್ಕಾ, ನಾನೊಬ್ಬಳೇ ಹೋಗಲಾರೆ" ಎಂದು ಎಳೆದುಕೊಂಡು ಹೋದಳು. ಯಾಕೆಂದು ಆಗ ತಿಳಿಯಲಿಲ್ಲ.

ದೊಡ್ಡ ಸಭಾಂಗಣ. ಮುಂದೆ ಮೆತ್ತನೆಯ ಕುರ್ಚಿ, ಹಿಂದೆ ಪ್ಲಾಸ್ಟಿಕ್ ಕುರ್ಚಿ. ನಾವು ನಡುವೆ ಎಲ್ಲೋ ಕೂತೆವು. ಭಾಷಣ ಆಯಿತು. ದೀಪ ಆರಿಸಿ ಫಿಲಂ ಹಾಕಿದರು.

ಆ ನಟಿ. ಆ ಬಿಳಿ ಪರದೆ. ಆ ಗಿಡ. ನಮ್ಮ ಮನೆಯಲ್ಲ, ಯಾವುದೋ ಚೆಂದದ ಕೋಣೆ. ನಟಿ ನಗುತ್ತ ಹೇಳಿದಳು: "ಇದನ್ನು ನಾನು ನಮ್ಮ ಅತ್ತೆಯಿಂದ ಕಲಿತೆ. ತಪ್ಪಿದಾಗ ಗೆಣ್ಣಿಗೆ ಹೊಡೆದು ಕಲಿಸಿದರು." ಸಭೆ ನಕ್ಕಿತು. ನನ್ನ ಅತ್ತೆಯನ್ನು ನನ್ನ ಕಣ್ಣೆದುರೇ ಎತ್ತಿಕೊಂಡು ಹೋದರು.

ಆಮೇಲೆ ಪರದೆಯ ತುಂಬ ಎರಡು ಕೈ. ಕ್ರೀಮು ಹಚ್ಚಿದ, ಉಂಗುರ ತೊಡಿಸಿದ ಕೈ. ಹೊಲಿಯುತ್ತಿದ್ದವು. ಅಂಚಿಗೆ ಬಂದಾಗ ದಾರವನ್ನು ಎಡಗೈ ಹೆಬ್ಬೆರಳಿಗೆ ಸುತ್ತಿ ಎಳೆದವು. ಅತ್ತೆ ಕಲಿಸಿದ ರೀತಿ ಅದು. ಅದು ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಬರುವುದಿಲ್ಲ. ಆ ಕೈ ನನ್ನದಲ್ಲ.

ಪಕ್ಕಕ್ಕೆ ತಿರುಗಿದೆ. ಓರಗಿತ್ತಿ ಎರಡೂ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದಳು.

"ಫೀಸು ಕಟ್ಟದಿದ್ರೆ ಮಗಳನ್ನ ಶಾಲೆ ಬಿಡಿಸು ಅಂದ್ರು ಅಕ್ಕಾ" ಎಂದಳು. "ನಿನಗೆ ಹೇಳೋಕೆ ಬಾಯಿ ಬರಲಿಲ್ಲ. ಇಲ್ಲಿ ನೀನೇ ನೋಡಲಿ ಅಂತ ಕರ್ಕೊಂಡು ಬಂದೆ. ಬೈಯಿ."

ಗಂಡನಿಲ್ಲದವಳು. ಅವಳ ಕೈ ಎಳೆದು ನನ್ನ ಕೈಯೊಳಗೆ ಇಟ್ಟುಕೊಂಡೆ. ತಣ್ಣಗಿತ್ತು.

"ಅತ್ತೆ ನೋಡಿದ್ರೆ ಬೈಯ್ತಿದ್ರು. ಮೂರನೇ ಹೊಲಿಗೆ ಸಡಿಲ ಬಿಟ್ಟಿದೀಯ" ಅಂದೆ.

ಅವಳು ನಗಲು ಹೋಗಿ ಅತ್ತಳು.

ದೀಪ ಹತ್ತಿತು. ಚಪ್ಪಾಳೆ ಬಿತ್ತು. ವೇದಿಕೆಯ ಮೇಲಿದ್ದ ದೊಡ್ಡ ಅಧಿಕಾರಿ ಮೈಕಿನ ಮುಂದೆ ಬಂದು, "ಇಂಥ ಕೈಗಳಿಗೆ ನನ್ನ ನಮಸ್ಕಾರ. ಎಲ್ಲಿದಾರೆ ಆ ತಾಯಿ? ಇಲ್ಲಿಗೆ ಕರೀರಿ" ಅಂದರು. ಲಾಗಿನ್ ಸಾರ್ ಓಡಿ ಹೋಗಿ ಅವರ ಕಿವಿಯಲ್ಲಿ ಏನೋ ಹೇಳಿದರು. "ಓಹೋ, ಅವರು ಊರಲ್ಲಿಲ್ಲವಂತೆ. ಇರಲಿ" ಎಂದು ಅಧಿಕಾರಿ ನಕ್ಕರು.

ಓರಗಿತ್ತಿ ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡಳು. ಎದ್ದು ನಿಂತಳು. ಎರಡೂ ಕೈಗಳನ್ನು ಮೇಲೆತ್ತಿದಳು, ಅಂಗೈ ವೇದಿಕೆಯ ಕಡೆಗೆ. ಹಾಗೇ ನಿಂತಳು.

ಮುಂದಿನ ಸಾಲಿನವರು ತಿರುಗಿ ನೋಡಿದರು. ಲಾಗಿನ್ ಸಾರ್ ನೋಡಿದರು, ತಲೆ ತಗ್ಗಿಸಿದರು. ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡಿದ್ದ ಒಬ್ಬ ಬಗ್ಗಿಕೊಂಡು ನಮ್ಮ ಸಾಲಿಗೆ ಬಂದ.

"ಊಟದ ಕೂಪನ್ ಕೊನೇಲಿ ಕೊಡ್ತಾರಮ್ಮಾ. ಎಲ್ಲರಿಗೂ ಸಿಗುತ್ತೆ. ಕೂತ್ಕೊಳ್ಳಿ."

ಅವಳ ಕೈ ಕೆಳಗಿಳಿಯಲಿಲ್ಲ.

ನಾನು ಎದ್ದೆ. ಅವಳ ಪಕ್ಕ ನಿಂತು ನನ್ನ ಕೈಗಳನ್ನೂ ಎತ್ತಿದೆ.

"ಕೂಪನ್ ಬೇಡಪ್ಪಾ. ಆ ತಾಯಿ ಊರಲ್ಲೇ ಇದಾಳೆ, ಇಲ್ಲೇ ನಿಂತಿದಾಳೆ ಅಂತ ಅವರಿಗೆ ಹೇಳು. ಕಲಿಸಿದ ಅತ್ತೆ ಸತ್ತುಹೋದ್ರು ಅಂತಲೂ ಹೇಳು."

ಅವನು ವೇದಿಕೆಯ ಕಡೆ ನೋಡಿದ. ವೇದಿಕೆಯಿಂದ ಯಾರೋ ಕೈ ಬೀಸಿದರು. ದೀಪ ಮತ್ತೆ ಆರಿತು. ಮುಂದಿನ ಫಿಲಂ ಶುರುವಾಯಿತು, ಯಾರೋ ಬುಟ್ಟಿ ಹೆಣೆಯುವವರ ಕಥೆ. ಕತ್ತಲಲ್ಲಿ ನಮ್ಮ ಬೆನ್ನ ಹಿಂದೆ ಗೊಣಗಾಟ ಎದ್ದಿತು.

"ಏನ್ರೀ, ಅಡ್ಡ ನಿಂತಿದೀರಲ್ಲ. ಪರದೆ ಕಾಣ್ತಿಲ್ಲ."

"ಕೂತ್ಕೊಳ್ರೀ."

"ಕೂರಮ್ಮಾ ಕೆಳಗೆ!"

ನಾವು ಕೂರಲಿಲ್ಲ.